ಜವರ ಕಟ್ಟಿದ ಬೆಲ್ಲದ ಗಂಟು

ಇದು ನಡೆದದ್ದು. ಭೂಮ್ತಾಯಾಣೆಗೂ ನಡೆದದ್ದು. ಒಂದಕ್ಷರ ಸುಳ್ಳಿದ್ರೆ ಹೇಳಿದ ನಾಲ್ಗೆ ಈಗ್ಲೇ ಬಿದ್ದೋಗ್ಲಿ. ನಗೋರು ಎದ್ದು ಆಚೆ ಹೋಗ್ಬೌದು, ಬಾಗ್ಲು ತೆಗ್ದೇ ಐತೆ. ಓದ್ಕಂಡೋರ ಪುಸ್ತಕದಲ್ಲಿ ಇದಿಲ್ಲ, ಯಾಕಂದ್ರೆ ಓದ್ಕಂಡೋರಿಗೆ ಇದು ಗೊತ್ತಿಲ್ಲ. ಅಷ್ಟೇಯ.

ಬಾಳ ಹಿಂದೆ, ಪ್ರಾಣಿಗಳು ಇನ್ನೂ ಮನ್ಸರ ಜೊತೆ ಮಾತು ಬುಟ್ಟಿರ್ಲಿಲ್ಲ, ಆ ಕಾಲ್ದಲ್ಲಿ ಕಬ್ಬುಗೋಟೆ ಅಂತ ಒಂದು ರಾಜ್ಯ ಇತ್ತು. ಎತ್ಲಾಗೆ ನೋಡಿದ್ರೂ ಕಬ್ಬು. ಕೋಟೆ ಗಾರೆಗೂ ಬೆಲ್ಲದ ನೀರು ಹಾಕಿ ಕಟ್ಟಿದ್ರು, ಅದಕ್ಕೇ ಫಿರಂಗಿ ಗುಂಡು ಬಡಿದ್ರೂ ಕಲ್ಲು ಅಲ್ಲಾಡ್ತಿರ್ಲಿಲ್ಲ.

ಆ ರಾಜ್ಯದಲ್ಲಿ ಜವರ ಅಂತ ಒಬ್ಬ ಹುಡುಗ. ಪ್ರಾಯದೋನು, ಆಲೆಮನೆ ಯಜಮಾನ. ಕೊಪ್ಪರಿಗೇಲಿ ಪಾಕ ಕುದೀವಾಗ ಬೇರೆಯೋರು ನೀರಿಗೆ ಬುಟ್ಟು, ಕೈಲಿ ಉಂಡೆ ಮಾಡಿ ಹದ ನೋಡೋರು. ಜವರ ದೂರದಲ್ಲಿ ನಿಂತು ಮೂಗು ಅರಳ್ಸಿ "ಇಳಿಸ್ರಲಾ" ಅನ್ನೋನು. ಇಳಿಸಿದ್ರೆ ಸರಿಯಾಗಿ ಹದ. ಅಂತಾ ಕೆಲ್ಸಗಾರ ಆಮೇಲೆ ಹುಟ್ಟಿಲ್ಲ. ಅವ್ನಿಗೆ ಹೊಂಬಾಳಮ್ಮ ಅಂತ ಒಬ್ಳೇ ತಂಗಿ. ಭಾವ ರಾಜ್ರ ದಂಡಲ್ಲಿ ದೂರ ಹೋಗಿದ್ದ. ತಂಗಿಗೆ ಹೆಣ್ಣು ಕೂಸು ಆಯ್ತು, ಪುಟ್ನಿಂಗಿ ಅಂತ ಹೆಸ್ರಿಟ್ರು. ಜವರಂಗೆ ಕೂಸಂದ್ರೆ ಪ್ರಾಣ.

ಕೂಸಿಗೆ ಮೊದಲ್ನೇ ಹಲ್ಲು ಮೊಳ್ತ ದಿನ ಆಲೆಮನೆ ಮುಂದೆ ಒಬ್ಬ ಮುದುಕ ಬಂದು ನಿಂತ. ಹೆಗಲಲ್ಲಿ ಜೋಳಿಗೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಊರೋರು ಅವ್ನಿಗೆ ಬೊಚ್ಚಯ್ಯ ಅಂತಿದ್ರು. ಮಾಟಗಾರ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ.

"ಮಗಾ ಜವರ, ಸೋದರಮಾವ ಆದ್ಯಂತೆ?"

"ಆದೆ ಕಣಜ್ಜ."

"ಹಂಗಾದ್ರೆ ಗಂಟು ಕಟ್ಟು. ಮೂರು ಸಲ ಕಾಸಿದ ಬೆಲ್ಲ ತಗೊ, ಜೇನಲ್ಲಿ ಅದ್ದು, ತೆಳ್ಳನೆ ಬಟ್ಟೇಲಿ ಗಂಟು ಕಟ್ಟು. ಕೂಸು ಮಲಗೋವಾಗ ಮಾವನ ಕೈಯಿಂದ್ಲೇ ಬಾಯಿಗಿಡು. ಬೆಳಗಾಗೋ ತನ್ಕ ಚೀಪ್ಕಂಡು ಮಲೀಕತದೆ. ಕುಯ್ ಅನ್ನಾಕಿಲ್ಲ."

"ಕೂಸಿಗೆ ಏನೂ ಆಗಾಕಿಲ್ವಾ?"

"ಕಬ್ಬು ಮಣ್ಣಿಂದ ಬಂತು, ಜೇನು ಹೂವಿಂದ ಬಂತು. ಅಂತಾದ್ರಲ್ಲಿ ಕೆಡಕು ಎಲ್ಲಿಂದ ಬರ್ತದೋ?" ಅಂತ ಮುದುಕ ಬೊಚ್ಚುಬಾಯಿ ಬುಟ್ಟು ನಕ್ಕ.

ಜವರ ಗಂಟು ಕಟ್ಟಿದ, ಬಾಯಿಗಿಟ್ಟ. ಕೂಸು ಮಲೀಕತು. ಅಷ್ಟು ಸಾಕಾಯ್ತು ಅವ್ನಿಗೆ. ಮಾರ್ನೇ ದಿನದಿಂದ ಸಂತೇಲಿ, ಬಾವಿಕಟ್ಟೇಲಿ, ಕ್ಷೌರದ ಕಟ್ಟೇಲಿ ಅವ್ನ ಬಾಯಲ್ಲಿ ಅದೇ ಮಾತು. "ನಮ್ಮನೆ ಕೂಸು ಅಳೋದೇ ಇಲ್ಲ. ಮಾವ ಅಂದ್ರೆ ನಾನು." ಇದನ್ನ ಕೇಳ್ಸ್ಕಂಡು ಬೇರೆ ಮಾವಂದಿರು ಸುಮ್ನಿರ್ತಾರಾ? ನಾನೇನು ಕಮ್ಮಿ ಅಂತ ಅವ್ರೂ ಕಟ್ಟಿದ್ರು. ವರ್ಷ ತುಂಬೋದ್ರೊಳಗೆ ಕಬ್ಬುಗೋಟೇಲಿ ಗಂಟು ಕಟ್ಟದ ಮಾವನ್ನ ಮನೆ ಒಳಕ್ಕೆ ಸೇರ್ಸದೇ ಇರೋ ಪದ್ಧತಿ ಬಂತು. ಜವರ ಗಂಟಿಗೇ ಅಂತ ಒಂದು ತರ ಬೆಲ್ಲ ಕಾಸಿದ. ಗಂಟುಬೆಲ್ಲ ಅಂತ ಅದಕ್ಕೆ ಹೆಸ್ರು. ಅರಮನೆಗೂ ಅದೇ ಹೋಗ್ತಿತ್ತು, ಐದು ವರ್ಷದ ರಾಜಕುಮಾರನಿಗೆ.

ಆಮೇಲೆ ಸುರುವಾಯ್ತು.

ಪುಟ್ನಿಂಗಿ ಮುಂದಿನ ನಾಕು ಹಲ್ಲಲ್ಲಿ, ವಸಡಿನ ಹತ್ರ, ಬಿಳೀ ಗೆರೆ ಮೂಡ್ತು. ಹೊಂಬಾಳಮ್ಮ ಹಾಲಿನ ಕರೆ ಅಂದ್ಕಂಡು ಒರೆಸಿದ್ಳು. ಹೋಗ್ಲಿಲ್ಲ. ಬಿಳೀದು ಹಳದಿ ಆಯ್ತು, ಹಳದಿ ಕಂದಾಯ್ತು, ಕಂದು ಕಪ್ಪಾಯ್ತು. ಮೂರು ತುಂಬೋದ್ರೊಳಗೆ ಕೂಸು ನಕ್ಕರೆ ಬಾಯಲ್ಲಿ ಸುಟ್ಟ ಕಬ್ಬಿನ ಕೂಳೆ ಕಂಡಂಗೆ ಕಾಣ್ತಿತ್ತು. ಒಂದಿನ ಮೂತಿ ಊದ್ಕಂಡು ಎದ್ದು ಕುಂತು, "ಅವ್ವಾ, ಬಾಯಲ್ಲಿ ಬೆಂಕಿ" ಅಂತು. ಅವತ್ತಿಂದ ಅನ್ನ ಬ್ಯಾಡ, ರೊಟ್ಟಿ ಬ್ಯಾಡ, ತಣ್ಣೀರೂ ಬ್ಯಾಡ. ಕೂಸಿನ ಪಕ್ಕೆಲುಬು ಎಣಿಸ್ಬೋದಾಗಿತ್ತು. ಬರೀ ಆ ಮನೇಲಲ್ಲ. ಮಟಮಟ ಮಧ್ಯಾಹ್ನ ಬೀದೀಲಿ ನಿಂತ್ರೆ ಎಲ್ಲಾ ಮನೆಯಿಂದ್ಲೂ ಹೈಕ್ಳು ಅಳೋದು ಕೇಳ್ತಿತ್ತು.

"ಅಣ್ಣಯ್ಯ, ಅರಮನೆ ಪಂಡಿತರ ತಾವ ಕರ್ಕಂಡು ಹೋಗಾನ" ಅಂದ್ಳು ಹೊಂಬಾಳಮ್ಮ.

"ಆ ಪಂಡಿತಂಗೆ ಇಕ್ಕಳ ಹಾಕಿ ಕೀಳೋದು ಒಂದೇ ಗೊತ್ತಿರೋದು. ನನ್ನ ಸೊಸೆ ಬಾಯಿಗೆ ಕಬ್ಣ ಹಾಕ್ಸ್ಲಾ? ಸೊಪ್ಪು ಸದೇಲಿ ವಾಸಿ ಮಾಡ್ತೀನಿ, ನೋಡ್ತಾ ಇರು."

"ಯಾವಾಗ ಮಾಡ್ತೀಯ?"

"ಮಾಡ್ತೀನಿ ಅಂದ್ನಲ್ಲಮ್ಮಿ!"

ಕೂಸನ್ನ ಎತ್ಕಂಡು ಬೊಚ್ಚಯ್ಯನ ಗುಡ್ಲಿಗೆ ಹೋದ. ಬೊಚ್ಚಯ್ಯ ಕೆಂಡದ ಮ್ಯಾಲೆ ನೆಲಗುಳ್ಳದ ಬೀಜ ಉದುರ್ಸಿ, ಆ ಹೊಗೇನ ಕೊಳವೇಲಿ ಕೂಸಿನ ಹಲ್ಲಿಗೆ ಊದಿದ. ಕೆಳಗಿದ್ದ ನೀರಿನ ಬಟ್ಟಲಿಗೆ ಪುಟಪುಟ ಅಂತ ಬಿಳೀ ಹುಳ ಬಿದ್ವು. "ನೋಡ್ದಾ, ಹಲ್ಲಿನ ಹುಳ. ಕೂಸು ಹೆದ್ರೈತೆ, ಗಂಟು ಇಡು" ಅಂದ. ಗಂಟು ಇಟ್ರು. ನಾಕು ದಿನ ಆರಾಮಾಯ್ತು. ಐದನೇ ದಿನ ಮತ್ತೆ ಬೆಂಕಿ. ಎರಡನೇ ಸಲ ಹೋದ್ರು. ಮತ್ತೆ ಹೊಗೆ, ಮತ್ತೆ ಹುಳ, ಮತ್ತೆ ಗಂಟು. ಎರಡು ದಿನ ಆರಾಮು. ಮೂರನೇ ಸಲ ಹೋದ್ರು. ಹೊಗೆ, ಹುಳ, ಗಂಟು. ಮನೆ ಸೇರೋ ಮೊದ್ಲೇ ಕೂಸು ಕಿರುಚ್ತು.

ಜವರ ಅಲ್ಲಿಂದ್ಲೇ ವಾಪಸ್ ತಿರುಗ್ದ. ಬೊಚ್ಚಯ್ಯನ ಮುಖ ದಿಟ್ಟಿಸಿ ನೋಡ್ದ. "ಅಜ್ಜ, ನಂಗೊಂದು ಹೇಳು. ಮೊದ್ಲ್ ಬಂದಾಗ ನಿನ್ನ ಬಾಯಲ್ಲಿ ಒಂದೂ ಹಲ್ಲಿರ್ಲಿಲ್ಲ. ಈಗ ಬಾಯಿತುಂಬ ಐತಲ್ಲ? ಅದೂ ಹೈಕ್ಳ ಹಲ್ಲಂಗೆ ಸಣ್ಣವು?"

ಬೊಚ್ಚಯ್ಯ ಟಪ್ ಅಂತ ಬಾಯಿ ಮುಚ್ಕಂಡ. ಆಮೇಲೆ ತುಟಿ ಮಾತ್ರ ಅಲ್ಲಾಡ್ಸಿ, "ಈ ಹುಳ ಗಟ್ಟಿ ಜಾತಿ ಮಗಾ. ಮೂರು ವಸ್ತು ಬೇಕು. ಕರಡಿಕಲ್ಲು ಬೆಟ್ಟದ ಬೇವು, ಏಳುಹೆಡೆ ಹಾವಿನ ದ್ವೀಪದ ಲವಂಗ, ಕರೀಮಡುವಿನ ಮೊಸಳೆ ತಾವಿರೋದು. ಮೂರೂ ತಂದ್ರೆ ಕೂಸು ಉಳೀತದೆ" ಅಂದ. ಹೋದೋನು ತಿರುಗಿ ಬರಾಕಿಲ್ಲ ಅನ್ನೋದು ಅವ್ನ ಲೆಕ್ಕ.

"ಮೂರೇನಾ? ಇಷ್ಟೇನಾ?" ಅಂದ ಜವರ. ತಂಗಿ ತಾವ ಬಂದು, "ಅಮಾಸೆ ಒಳಗೆ ಬತ್ತೀನಿ. ಕೂಸ್ನ ನೋಡ್ಕ" ಅಂದ.

"ಆಗ್ಲೇ ಅರ್ಧ ಆಗೈತೆ ಅಣ್ಣಯ್ಯ ಕೂಸು. ಬೇಗ ಬಾ."

ಮೊದ್ಲು ಕರಡಿಕಲ್ಲು ಬೆಟ್ಟ. ಬೆಟ್ಟದ ತುದೀಲಿ ಒಂದೇ ಬೇವಿನ ಮರ, ಮರದ ಬುಡದಲ್ಲಿ ಮನೆ ಗಾತ್ರದ ಕರಡಿ. ಜೇನು ತಿಂದೂ ತಿಂದೂ ಅದರ ದವಡೆ ಹಲ್ಲು ಬಾವಿಯಂಗೆ ತೂತಾಗಿತ್ತು. ನೋವಿಗೆ ಗುಡುಗ್ತಾ ಕುಂತಿತ್ತು.

"ಎಲಾ ನರಮನ್ಸ, ಏನ್ ಬೇಕಲಾ?"

"ಬೇವಿನ ಕಡ್ಡಿ."

"ಹೊತ್ತುಟ್ಟಿಂದ ನೆತ್ತಿ ಮ್ಯಾಲೆ ಬರೋಗಂಟ ಈ ಎಲೆ ಅಗೀಬೇಕು. ಉಗುಳಿದ್ರೆ ನುಂಗ್ತೀನಿ, ಮುಖ ಕಿವಿಚಿದ್ರೂ ನುಂಗ್ತೀನಿ."

ಜವರ ಅಗಿದ. ಹುಟ್ಟಿದಾಗಿಂದ ಬೆಲ್ಲದಲ್ಲಿ ಬೆಳ್ದ ನಾಲ್ಗೆ ಅದು. ಕಹಿ ಕಣ್ಣಿಗೆ ಬಂತು, ಕಿವಿಗೆ ಬಂತು, ಹೊಟ್ಟೆಗಿಳೀತು. ಮುಖ ಮಾತ್ರ ಕಲ್ಲಂಗೆ ಇಟ್ಕಂಡ. ಹೊತ್ತು ನೆತ್ತಿಗೆ ಬಂತು. ಕರಡಿ ತಲೆದೂಗಿ ಒಂದು ಕೊಂಬೆ ಮುರ್ದು ಕೊಡ್ತು.

"ತಗೊ. ತುದಿ ಮೆತ್ತಗೆ ಜಜ್ಜಿ ಉಜ್ಜಿದ್ರೆ ಮ್ಯಾಲಿನ ಕೊಳೆ ಹೋಯ್ತದೆ. ಆಗೋಗಿರೋ ತೂತು ಮುಚ್ಚಾಕಿಲ್ಲ."

"ಮುಚ್ಚಾಕಿಲ್ವಾ?"

"ಮುಚ್ಚಂಗಿದ್ರೆ, ಇದೇ ಮರದ ಬುಡದಲ್ಲಿ ಕುಂತಿರೋ ನಾನ್ಯಾಕಲಾ ಹಿಂಗೆ ನರಳ್ತಿದ್ದೆ? ಹೋಗ್ ಹೋಗು, ತಲೆ ತಿನ್ಬ್ಯಾಡ."

ಆಮೇಲೆ ಹಾವಿನ ದ್ವೀಪ. ಈಜ್ಕಂಡು ದಡ ಹತ್ತಿದ್ರೆ ಏಳು ಹೆಡೆ ಎತ್ತಿ ಹಾವು ನಿಂತಿತ್ತು. ಅದು ಬುಸ್ಸನ್ನಲಿಲ್ಲ. ಮರ್ಯಾದೆಯಾಗಿ ಒಂದು ಲವಂಗ ಕೊಟ್ಟು, "ಇದನ್ನ ಕಚ್ಕಂಡು ಮರದ ತಂಕ ನಡ್ಕಂಡು ಹೋಗು. ಕೈಗೆ ಸಿಕ್ಕಷ್ಟು ಕಿತ್ಕ" ಅಂತು.

ಜವರ ಕಚ್ದ. ಬಾಯಿ ಜೋಮು ಹಿಡೀತು, ಆಮೇಲೆ ಮೈಯೆಲ್ಲ ಜೋಮು ಹಿಡೀತು. ಎದೆ ಉಬ್ಬಿಸ್ಕಂಡು ನಡ್ದ. ಮರ ಮುಟ್ಟಿ, ಮಡಿಲು ತುಂಬ ಲವಂಗ ಕಿತ್ಕಂಡು, "ಇಷ್ಟೇನಾ ನಿನ್ನ ಪರೀಕ್ಷೆ?" ಅಂತ ನಕ್ಕ.

"ಕಾಲು ನೋಡ್ಕಳಯ್ಯ" ಅಂತು ಹಾವು.

ನೋಡ್ಕಂಡ. ನಡ್ದು ಬಂದ ದಾರಿಯೆಲ್ಲ ಕೆಂಡ. ಅಂಗಾಲ ಚರ್ಮ ಸುಲ್ದು ನೇತಾಡ್ತಿತ್ತು.

"ನೋವಾಯ್ತಾ?"

"ಇಲ್ಲ."

"ಸುಡ್ಲಿಲ್ವಾ?"

ಜವರ ಅಲ್ಲೇ ಕುಂತು ಅಂಗಾಲು ಹಿಡ್ಕಂಡ.

"ಲವಂಗ ಅಂದ್ರೆ ಅಷ್ಟೇಯ. ನೋವು ಹೋಯ್ತದೆ, ಸುಡೋದು ನಿಲ್ಲಾಕಿಲ್ಲ. ಎಳೇ ಕೂಸಿನ ವಸಡಿಗೆ ಇದರ ಎಣ್ಣೆ ಸವರ್ಬ್ಯಾಡ, ಬೊಬ್ಬೆ ಬರ್ತದೆ. ಬೇಕಾದ್ರೆ ನೀನು ಇಟ್ಕ, ವಾಪಸ್ ನಡೀಬೇಕಲ್ಲ." ಏಳು ಬಾಯಲ್ಲೂ ನಗ್ತು ಆ ಹಾವು. ಥೂ.

ಕುಂಟ್ಕಂಡು ಕುಂಟ್ಕಂಡು ಕರೀಮಡುವಿಗೆ ಬಂದ. ದಡದಲ್ಲಿ ಮೊಸಳೆ ಬಾಯಿ ತಕ್ಕಂಡು ಮಲಗಿತ್ತು, ಹಲ್ಲು ಸಾಲಾಗಿ ಬೆಣಚುಕಲ್ಲಂಗೆ ಬೆಳ್ಳಗಿದ್ವು. ಒಂದು ಗುಬ್ಬಿ ಗಾತ್ರದ ಹಕ್ಕಿ ಒಳಗೆ ಓಡಾಡ್ಕಂಡು ಹಲ್ಲಿನ ಸಂದಿ ಕುಕ್ತಿತ್ತು.

"ಬಲಗೈ ನನ್ನ ಬಾಯೊಳಗಿಡು. ಒಂದು ಮಾತು ಕೇಳ್ತೀನಿ, ನಿಜ ಹೇಳಿದ್ರೆ ಬುಡ್ತೀನಿ" ಅಂತು ಮೊಸಳೆ.

ಜವರ ಕೈಯಿಟ್ಟ. ಹಕ್ಕಿ ಹಾರ್ಹೋಯ್ತು.

"ಕೂಸಿನ ಹಲ್ಲು ತಿಂದಿದ್ದು ಯಾರು?"

"ಹುಳ" ಅಂದ ಜವರ.

ಕಟಕ್ ಅಂತು. ಕಿರುಬೆರಳು ಹೋಯ್ತು.

"ಅವು ಬೊಚ್ಚಯ್ಯ ಬಾಯಲ್ಲಿ ಮಡೀಕಂಡು ಬಟ್ಲಿಗೆ ಉಗುಳೋ ಹುಳ. ಇನ್ನೊಂದ್ಸಲ ಕೇಳ್ತೀನಿ. ತಿಂದಿದ್ದು ಯಾರು?"

ಜವರ ಹಲ್ಲು ಕಚ್ಕಂಡ. "ನನ್ನ ತಂಗಿ. ಹಡೆದೋಳಿಗೆ ಗ್ಯಾನ ಬ್ಯಾಡ್ವಾ? ಬಾಯಿ ಒರೆಸ್ಲಿಲ್ಲ, ನೀರು ಕುಡಿಸ್ಲಿಲ್ಲ..."

ಕಟಕ್ ಅಂತು. ಉಂಗುರದ ಬೆರಳು ಹೋಯ್ತು.

"ಇನ್ನು ಮೂರು ಉಳ್ದವೆ. ತಿಂದಿದ್ದು ಯಾರು?"

ನೀರೆಲ್ಲ ಕೆಂಪಾಗಿತ್ತು. ಜವರಂಗೆ ಎದೆ ಒಳಗೆ ಗೊತ್ತಿತ್ತು. ಯಾವತ್ತಿಂದ ಗೊತ್ತಿತ್ತು ಅಂತ ಕೇಳ್ಬ್ಯಾಡಿ, ಬಿಳೀ ಗೆರೆ ಮೂಡಿದ ದಿನದಿಂದ್ಲೇ ಗೊತ್ತಿತ್ತು. ಅಷ್ಟೊತ್ತಿಗೆ ಊರೆಲ್ಲ ಅವ್ನ ಗಂಟು ಕಟ್ತಿತ್ತು. ಬಾಯಿ ಬುಡೋದೆಂಗೆ?

"ನಾನು. ಈ ಕೈಯೇ" ಅಂದ.

ಮೊಸಳೆ ಬಾಯಿ ತೆಗೀತು. "ಹೋಗು. ನನ್ನ ತಾವ ಕೊಡಾಕೆ ಏನೂ ಇಲ್ಲ. ಮೊದಲ್ನೇ ಗಂಟು ಕಟ್ಟಿದ ಕೈಯಲ್ಲೇ ಮಾಟ ಐತೆ. ಗಂಟು ಚೀಪಿ ಯಾವ ಹಲ್ಲು ಕರಗ್ತದೋ ಅದು ಬೊಚ್ಚಯ್ಯನ ಬಾಯಲ್ಲಿ ಹುಟ್ತದೆ. ಆ ಕೈ ಮೂರು ರಾತ್ರಿ ಗಂಟು ಕೊಡದೇ ಕೂಸನ್ನ ಎತ್ಕಂಡಿದ್ರೆ ಮಾಟ ಮುರೀತದೆ. ಬಾಯಿ ಒರೆಸು, ಬರೀ ನೀರು ಕೊಡು."

"ಬರೀ ಎತ್ಕಂಡಿರೋದಾ? ನಾನು ಕರಡಿ ಗೆದ್ದೋನು!"

"ಕರಡಿಗೂ ಕೂಸಿಗೂ ಬಾಳ ವ್ಯತ್ಯಾಸ ಐತಪ್ಪ" ಅಂತು ಮೊಸಳೆ, ನೀರಿಗಿಳೀತು.

ಅಮಾಸೆಗೆ ಮೂರು ದಿನ ಇರೋವಾಗ ಜವರ ಮನೆ ಸೇರ್ದ. ಕೈ ನೋಡಿ ಹೊಂಬಾಳಮ್ಮ ಕಿಟಾರ್ ಅಂತ ಕಿರುಚಿದ್ಳು. ಅವ್ನು ಏನೂ ಹೇಳ್ದೆ ಒಳಗೆ ಹೋಗಿ ಗಂಟಿನ ಬಟ್ಟೆಯೆಲ್ಲ ಒಲೆಗೆ ಹಾಕ್ದ. ಒದ್ದೆ ಬಟ್ಟೇಲಿ ಕೂಸಿನ ಬಾಯಿ ಒರೆಸ್ದ. ತೊಡೆ ಮ್ಯಾಲೆ ಮಲಗಿಸ್ಕಂಡ.

ಮೊದಲ್ನೇ ರಾತ್ರಿ ಕೂಸು ಗಂಟು ಕೇಳ್ತು, ಕಿರುಚ್ತು, ಮೈ ಬಿಲ್ಲಂಗೆ ಬಾಗ್ಸ್ತು. ಬಾಗ್ಲಲ್ಲಿ ಒಬ್ಳು ಮುದುಕಿ ಬಂದು, "ಪಾಪದ ಕೂಸು ಕಣೋ. ಒಂದು ಚೂರು ಇಟ್ರೆ ಯಾರ ಗಂಟು ಹೋಯ್ತದೆ?" ಅಂದ್ಳು. ನಗೋವಾಗ ಬಾಯಿತುಂಬ ಸಣ್ಣ ಸಣ್ಣ ಹಲ್ಲು. ಜವರ ಬಾಗ್ಲು ಹಾಕ್ದ.

ಎರಡನೇ ರಾತ್ರಿ ಬೀದಿಯೋರೇ ಬಂದ್ರು. "ನೀನೇ ಕಟ್ಟೋದು ಕಲ್ಸಿ, ನೀನೇ ಮಾರಿ, ಈಗ ನಿನ್ ಮನೇಲಿ ಬ್ಯಾಡ್ವಾ? ಕೂಸ್ನ ಕೊಲ್ತೀಯೇನಯ್ಯ ಕಟುಕ?" ಗುಂಪಿನ ಹಿಂದೆ ನಿಂತು ಕುಮ್ಮಕ್ಕು ಕೊಡ್ತಿದ್ದೋನ ಬಾಯಲ್ಲೂ ಅವೇ ಹಲ್ಲು. ಜವರ ಬೆನ್ನು ತಿರುಗ್ಸಿ ಕುಂತ. ಬೆನ್ನಿಗೆ ಕಲ್ಲು ಬಿತ್ತು.

ಮೂರನೇ ರಾತ್ರಿ ಯಾರೂ ಬರ್ಲಿಲ್ಲ. ಹೊಂಬಾಳಮ್ಮ ಮೂಲೇಲಿ ಕುಂತು ಸೆರಗು ಬಾಯಿಗಿಟ್ಕಂಡು, "ಸಾಕು ಕಣೋ ಅಣ್ಣಯ್ಯ, ಕೊಟ್ಬುಡು" ಅಂದ್ಳು. ಕೂಸು ಕಿರುಚ್ಲಿಲ್ಲ. ಕಿರುಚಾಕೆ ಗಂಟಲಿರ್ಲಿಲ್ಲ. ಮಾವನ ಗಡ್ಡ ಮುಟ್ಟಿ ಮೆತ್ತಗೆ ಕೇಳ್ತು, "ಮಾವ, ನಾನು ನಿಂಗೆ ಬ್ಯಾಡ್ವಾ?"

ಅದು ಮಾಟ ಅಲ್ಲ. ಕೂಸೇ ಕೇಳಿದ್ದು. ಬೇವು ಅಗ್ದು, ಕೆಂಡ ತುಳ್ದು, ಬೆರಳು ಕಳ್ಕಂಡಾಗ್ಲೂ ಅಳದೋನು ಅವತ್ತು ಅತ್ತ. ಅಟ್ಟದ ಮ್ಯಾಲೆ ಗಂಟುಬೆಲ್ಲ ಐತೆ, ಕೈ ಚಾಚಿದ್ರೆ ಸಿಕ್ತದೆ. ಚಾಚ್ಲಿಲ್ಲ. ಬಟ್ಲಲ್ಲಿ ನೀರು ಕುಡಿಸ್ದ. "ಬೇಕು ಕಣವ್ವ, ಅದಕ್ಕೇ" ಅಂದ. ಕೂಸು ಆ ಕಡೆ ಮುಖ ತಿರುಗಿಸ್ಕಂಡು, ಬಿಕ್ಕಿ ಬಿಕ್ಕಿ, ಬೆಳಗಿನ ಜಾವಕ್ಕೆ ನಿದ್ದೆ ಹೋಯ್ತು. ಬರೀ ಬಾಯಲ್ಲಿ.

ಕೋಳಿ ಕೂಗ್ತಿದ್ದಂಗೇ ಬೀದೀಲಿ ಒಂದು ಅರಚು. ಬಾಗ್ಲು ತೆಗ್ದು ನೋಡಿದ್ರೆ ಬೊಚ್ಚಯ್ಯ. ಬಾಯಿಂದ ಹಲ್ಲು ಮುಸುಕಿನ ಜೋಳದ ಕಾಳಂಗೆ ಉದುರ್ತಿದ್ವು. ಕೊನೇ ಹಲ್ಲು ಬಿದ್ದಾಗ ಅವ್ನ ಮೈಯೆಲ್ಲ ಬೆಲ್ಲ ಅನ್ನೋದು ಕಾಣ್ಸ್ತು. ಗೋಡೆ ಸಂದಿಯಿಂದ ಇರುವೆ ಬಂದ್ವು, ಸಾಲು ಸಾಲಾಗಿ ಬಂದ್ವು. ಕೂಗಾಡ್ತಾನೇ ಇದ್ದ, ಚೂರು ಚೂರಾಗಿ ಹೊತ್ಕಂಡು ಹೋದ್ವು. ಹೊತ್ತುಟ್ಟೋದ್ರೊಳಗೆ ಜೋಳಿಗೆ ಒಂದೇ ಉಳೀತು.

ಮಾಟವೇನೋ ಮುರೀತು. ಪುಟ್ನಿಂಗಿ ಹಲ್ಲು ಬೆಳ್ಳಗಾಗ್ಲಿಲ್ಲ. ಕರಗಿದ್ದು ಕರಗ್ತು. ಜವರ ತಾನೇ ಎತ್ಕಂಡು ಅರಮನೆ ಪಂಡಿತರ ತಾವ ಹೋದ. ಪಂಡಿತರು ಬಾಯಿ ನೋಡಿ, "ಬಿಳೀ ಗೆರೆ ಇದ್ದಾಗ ಬಂದಿದ್ರೆ ಗಂಟು ಬುಡ್ಸಿ, ಉಜ್ಜಿಸಿ ಉಳಿಸ್ಕಬೋದಿತ್ತು. ಈಗ ಕೀವಾಗೈತೆ. ಮುಂದಿನ ನಾಕೂ ತೆಗೀಬೇಕು" ಅಂದ್ರು. ಜವರನೇ ಕೂಸಿನ ತಲೆ ಹಿಡ್ಕಂಡ, ಉಳ್ದ ಮೂರು ಬೆರಳಲ್ಲಿ. ನಾಕೂ ತೆಗ್ದ್ರು. ಊತ ಇಳೀತು, ಜ್ವರ ಇಳೀತು. ಒಂಬತ್ತನೇ ದಿನ ಕೂಸು ಒಂದು ಮುದ್ದೆ ನುಂಗಿ ಇನ್ನೊಂದು ಕೇಳ್ತು. ಹೊಂಬಾಳಮ್ಮ ಬಡಿಸ್ತಾ ಬಡಿಸ್ತಾ ಅತ್ಳು. ಮಾವನ ತೊಡೆ ಮ್ಯಾಲೆ ಮಾತ್ರ ಕೂಸು ಒಂದು ವರ್ಷ ಕೂರ್ಲಿಲ್ಲ.

ಪಂಡಿತರ ಮಾತು ಕೇಳಿ ರಾಜ್ರು ಡಂಗೂರ ಸಾರ್ಸಿದ್ರು. ಮಲಗೋ ಕೂಸಿನ ಬಾಯಿಗೆ ಇನ್ಮೇಲೆ ಗಂಟು ಇಡಂಗಿಲ್ಲ, ಹಲ್ಲು ಹುಟ್ಟಿದ ದಿನದಿಂದ ಎರಡೊತ್ತೂ ಬಾಯಿ ಶುದ್ಧ, ಹಲ್ಲಲ್ಲಿ ಗೆರೆ ಕಂಡ ದಿನವೇ ಪಂಡಿತರ ಮನೆ. ಜನ ಕೇಳಿದ್ರು. ಹೊಸದಾಗಿ ಹುಟ್ಟಿದ ಹೈಕ್ಳ ಹಲ್ಲು ಮಲ್ಲಿಗೆ ಮೊಗ್ಗಂಗೆ ಬಂದ್ವು. ರಾಜಕುಮಾರ ಹೊಸ ಹಲ್ಲಲ್ಲಿ ಹುರಿಗಡ್ಲೆ ಕಟುಂ ಅಂತ ಕಡ್ದ. ಪುಟ್ನಿಂಗಿಗೆ ಏಳನೇ ವರ್ಷದಲ್ಲಿ ಹೊಸ ಹಲ್ಲು ಬಂತು. ಭಾವ ದಂಡಿಂದ ಬಂದ. ಎಲ್ಲಾರು ಸುಖವಾಗಿದ್ರು.

ಕಬ್ಬುಗೋಟೆ ಜನ ಬೊಚ್ಚಯ್ಯನ್ನ ಮರೆತ್ರು. ಜವರನ್ನ ಮರೀಲಿಲ್ಲ. ಅವ್ನು ಬೀದೀಲಿ ಹೋದ್ರೆ ಹಲ್ಲು ಕಳ್ಕಂಡ ಹೈಕ್ಳ ಅವ್ವಂದಿರು ಬಾಗ್ಲು ಹಾಕ್ಕಳೋರು. ಮಾಟ ಮುರ್ದೋನು ಅಂತ ಒಬ್ರೂ ಒಂದು ತೆಂಗಿನಕಾಯಿ ಕೊಡ್ಲಿಲ್ಲ. ಆ ವರ್ಷ ಕಾಸಿಟ್ಟಿದ್ದ ಗಂಟುಬೆಲ್ಲವನ್ನ ಒಬ್ರೂ ಮುಟ್ಲಿಲ್ಲ, ದನಕ್ಕೆ ಹಾಕಾಕೂ ಹೆದ್ರಿದ್ರು. ಜವರ ಅಷ್ಟನ್ನೂ ಗಾಡಿಗೆ ತುಂಬ್ಸಿ ಹೊಳೆಗೆ ಸುರ್ದ, ಕೂಲಿಗೆ ಕೊಡಾಕೆ ಕೊಪ್ಪರಿಗೆ ಮಾರ್ದ. ಕರಗಿಹೋದ ಬೆಲ್ಲ, ಗಾಡಿ ಬಾಡಿಗೆ, ಅರ್ಧ ಕ್ರಯಕ್ಕೆ ಹೋದ ಕೊಪ್ಪರಿಗೆ ಎಲ್ಲಾ ಸೇರಿ ಅವ್ನಿಗಾದ ಲುಕ್ಸಾನು ಇನ್ನೂರ ಹದಿನೇಳು ವರಹ, ನಾಕು ಹಣ, ಮೂರು ಕಾಸು.